ಯಮನಮ್ಮ ಓದಲೊಲ್ಲಳು

"ಎಮ್ಮಿ," ಅಂದಳು ಯಮನಮ್ಮ.

ಶಾಲೆಗೆ ಶಾಲೆಯೇ ಗೊಳ್ಳೆಂದು ನಕ್ಕಿತು. ಬೋರ್ಡಿನ ಮೇಲೆ ತಾಯಣ್ಣ ಸರ್ ಬರೆದದ್ದು ಎಮ್ಮೆ ಅಲ್ಲ, ದೋಣಿ. ಎರಡೂ ನೀರಿಗೆ ಇಳಿಯುತ್ತವೆ ಎಂಬುದನ್ನು ಬಿಟ್ಟರೆ ಎಮ್ಮೆಗೂ ದೋಣಿಗೂ ಯಾವ ಸಂಬಂಧವೂ ಇಲ್ಲ.

ಸರ್ ನಗಲಿಲ್ಲ. ಕೋಲಿನ ತುದಿಯನ್ನು ಮೊದಲನೇ ಅಕ್ಷರದ ಕೆಳಗೆ ಇಟ್ಟರು.

"ಅವಸರ ಮಾಡಬ್ಯಾಡ. ಇದೊಂದ ಅಕ್ಷರ ನೋಡು. ಏನಿದು?"

ಯಮನಮ್ಮ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು. ಅಕ್ಷರ ಅವಳನ್ನೇ ನೋಡುತ್ತಿತ್ತು. ದೋ, ದೋ, ದೋ ಎಂದು ಕೂಗುತ್ತಿತ್ತು. ಅದರ ಪಕ್ಕದ ಣಿ ಕೂಡ ಸುಮ್ಮನಿರಲಿಲ್ಲ.

"ಗೊತ್ತಿಲ್ರೀ ಸರ್."

"ನಿನ್ನೆ ಹೇಳಿಕೊಟ್ಟಿದ್ನಲ್ಲವ್ವ."

"ಮರತೋತ್ರೀ."

ಸರ್ ಕೋಲನ್ನು ಕೆಳಗಿಳಿಸಿದರು. "ಕುಂದರು," ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯಮನಮ್ಮ ನಾಲ್ಕನೇ ತರಗತಿ. ಆದರೆ ಓದಲು ಬಾರದವಳಾದ್ದರಿಂದ ಒಂದನೇ ತರಗತಿಯ ಚಿಕ್ಕವರ ಸಾಲಿನಲ್ಲಿ ಕೂರುತ್ತಿದ್ದಳು. ಅವಳ ಪಕ್ಕದಲ್ಲಿ ಶಹಜಾದಿ ಬೇಗಂ. ಹೆಸರೇನೋ ಅರಮನೆಯದು, ಮೂಗು ಮಾತ್ರ ಸದಾ ಸೋರುವ ಕೊಳಾಯಿ. ಅವಳಿಗೆ ಇನ್ನೂ ಒಂದಕ್ಷರವೂ ಹತ್ತಿರಲಿಲ್ಲ. ದ ತೋರಿಸಿದರೆ ನ ಅನ್ನುತ್ತಿದ್ದಳು, ನ ತೋರಿಸಿದರೆ ಮೇಲೆ ನೋಡಿ ನಗುತ್ತಿದ್ದಳು.

"ಯಮನಕ್ಕ, ನಿಂಗೂ ಬರಲ್ಲ, ನಂಗೂ ಬರಲ್ಲ," ಎಂದು ಶಹಜಾದಿ ಖುಷಿಯಿಂದ ಪಿಸುಗುಟ್ಟಿದಳು.

ಯಮನಮ್ಮ ತನ್ನ ಪಾಟಿಯ ಕಡೆ ತಿರುಗಿದಳು. ಅವಳ ಹೊಟ್ಟೆಯೊಳಗೆ ಒಂದು ದೊಡ್ಡ ಸುಳ್ಳು ಕುಳಿತಿತ್ತು. ಅವಳಿಗೆ ಓದಲು ಬರುತ್ತಿತ್ತು.

ಬಂದದ್ದು ಇತ್ತೀಚೆಗೆ. ಅವ್ವ ದುರುಗಮ್ಮ ಜೋಳದ ಬುಟ್ಟಿ ಹೊರಿಸಿ ಗಿರಣಿಗೆ ಕಳಿಸಿದ್ದಳು. ಹಿಟ್ಟಾಗುವ ತನಕ ಯಮನಮ್ಮ ಹೊರಗೆ ನಿಂತು ಕಬ್ಬು ಜಗಿಯುತ್ತಿದ್ದಳು. ಸಿಪ್ಪೆಯನ್ನು ಗೋಡೆಯ ಬುಡಕ್ಕೆ ಥೂ ಎಂದು ಉಗುಳಿದಳು. ಆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಏನೋ ಬರೆದಿತ್ತು. ದಿನಾ ನೋಡಿದ್ದೇ. ಆದರೆ ಅವತ್ತು ಆ ಬರಹ ಸುಮ್ಮನೆ ನಿಲ್ಲಲಿಲ್ಲ.

"ಇ... ಲ್ಲಿ... ಉ... ಗು... ಳ... ಬೇ... ಡಿ..."

ಇಲ್ಲಿ ಉಗುಳಬೇಡಿ!

ಗೋಡೆ ತನಗೇ ಬೈದಂತಾಗಿ ಯಮನಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಸಿಪ್ಪೆಯನ್ನು ಕೈಯಲ್ಲಿ ಹೆಕ್ಕಿ ದೂರ ಎಸೆದಳು. ಆಮೇಲೆ ಏನಾಯಿತೆಂದು ಹೊಳೆಯಿತು. ಯಾರೂ ಹೇಳಿಕೊಡದೆ ಅವಳೇ ಓದಿದ್ದಳು! ಹಿಟ್ಟು, ಬುಟ್ಟಿ ಎಲ್ಲ ಅಲ್ಲೇ ಬಿಟ್ಟು ಶಾಲೆಯ ಕಡೆ ಓಟ ಕಿತ್ತಳು. ಮೊದಲು ಸರ್‌ಗೆ ಹೇಳಬೇಕು, ಆಮೇಲೆ ಬೇರೆಯವರಿಗೆ.

ತಾಯಣ್ಣ ಸರ್ ದೇವದುರ್ಗದ ಕಡೆಯವರು. ಹೆಂಡತಿ, ಕೂಸು ಮಾನ್ವಿಯಲ್ಲಿ. ಸರ್ ಒಬ್ಬರೇ ಚೀಕಲಪರ್ವಿಯಲ್ಲಿ, ಶಾಲೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಇರುತ್ತಿದ್ದರು. ಆ ಸಂಜೆ ಕೋಣೆಯ ಮುಂದಿನ ಕಟ್ಟೆಯ ಮೇಲೆ ಅವರ ಹೆಂಡತಿಯ ತಮ್ಮ ಅಯ್ಯಪ್ಪ ಕೂತಿದ್ದ. ಇಸ್ತ್ರಿ ಪ್ಯಾಂಟು, ಕೈಗೆ ಗಡಿಯಾರ. ಶಕ್ತಿನಗರದಲ್ಲಿ ಆಗ ದೊಡ್ಡ ಕರೆಂಟು ಕಾರ್ಖಾನೆ ಕಟ್ಟುತ್ತಿದ್ದರು. ಅಯ್ಯಪ್ಪನಿಗೆ ಅಲ್ಲಿ ನೌಕರಿ.

ದೊಡ್ಡವರು ಮಾತಾಡುತ್ತಿದ್ದಾರೆಂದು ಯಮನಮ್ಮ ಮೂಲೆಯಲ್ಲೇ ನಿಂತಳು.

"ಎಷ್ಟು ದಿನ ಅಂತ ಇಲ್ಲಿ ಕಂದೀಲು ಹಚ್ಕೊಂಡು ಕುಂದ್ರತೀರಿ ಮಾವ?" ಅಯ್ಯಪ್ಪ ಕೇಳುತ್ತಿದ್ದ. "ನಾಕು ಕ್ಲಾಸಿಗೆ ನೀವೊಬ್ರ. ಮಳಿ ಬಂದ್ರ ಸೋರ್ತದ. ನಮ್ಮಲ್ಲಿ ಸ್ಟೋರಿನ್ಯಾಗ ಜಾಗ ಖಾಲಿ ಅದ. ಕ್ವಾಟ್ರಸ್ ಕೊಡ್ತಾರ. ನಳ, ಫ್ಯಾನ್ ಎಲ್ಲಾ ಅದಾವ. ಅಕ್ಕ, ಕೂಸು ನಿಮ್ಮ ಜೋಡಿನ ಇರ್ತಾರ."

ಸರ್ ಕಂದೀಲಿನ ಗಾಜು ಒರೆಸತೊಡಗಿದರು.

"ಆಸೆ ಇಲ್ಲ ಅಂತ ಸುಳ್ಳು ಹೇಳಂಗಿಲ್ಲ ಅಯ್ಯಪ್ಪ," ಅಂದರು. "ಆದ್ರ ಈಗ ಆಗಂಗಿಲ್ಲ. ದುರುಗಮ್ಮನ ಮಗಳು ಯಮನಮ್ಮ ಅಂತ ಅದಾಳ. ಓದಾಕ ಬರಂಗಿಲ್ಲ ಅಂತ ಆಕೀನ್ನ ಅವ್ವ ಸಾಲಿ ಬಿಡಸಾಕ ಬಂದಿದ್ಲು. ಈಕಿ ಓದೋ ತನಕ ನಾ ಊರು ಬಿಡಂಗಿಲ್ಲ, ನೀ ಸಾಲಿ ಬಿಡಿಸಬ್ಯಾಡ ಅಂತ ಮಾತು ಕೊಟ್ಟೀನಿ."

"ಆಕಿ ಓದಿದ ಮ್ಯಾಲೆ?"

"ಆಮ್ಯಾಲೆ ನೋಡೋಣ."

ಬಾಯಿಯ ತುದಿಗೆ ಬಂದಿದ್ದ ಮಾತನ್ನು ಯಮನಮ್ಮ ಹಾಗೇ ನುಂಗಿಕೊಂಡಳು.

ಈ ಊರಿಗೆ ಬಂದ ಮಾಸ್ತರರು ಯಾರೂ ಗಟ್ಟಿಯಾಗಿ ನಿಂತವರಲ್ಲ. ಒಬ್ಬರಿಗೆ ಹೊಳೆಯ ಸೊಳ್ಳೆ ಕಚ್ಚಿ ಜ್ವರ ಬಂತು, ಹೋದರು. ಒಬ್ಬರು ವರ್ಗ ಮಾಡಿಸಿಕೊಂಡು ರಾಯಚೂರು ಸೇರಿದರು. ಅವರಾದ ಮೇಲೆ ಶಾಲೆಗೆ ಬೀಗವೇ ಬಿದ್ದಿತ್ತು. ಆಗ ಹುಡುಗರೆಲ್ಲ ಕುರಿ ಕಾದರು, ಯಮನಮ್ಮ ಅವ್ವನ ಜೊತೆ ಗದ್ದೆಯಲ್ಲಿ ಕಳೆ ಕಿತ್ತಳು. ತಾಯಣ್ಣ ಸರ್ ಬಂದ ದಿನ ಅವರೇ ಆ ಬೀಗಕ್ಕೆ ಎಣ್ಣೆ ಬಿಟ್ಟು ತೆಗೆದಿದ್ದರು.

ಮತ್ತೆ ಬೀಗ ಬೀಳಬಾರದು. ತಾನು ಓದದಿದ್ದರೆ ಸರ್ ಹೋಗುವಂತಿಲ್ಲ. ಅಷ್ಟೇ ತಾನೇ? ಓದುವುದೇ ಬೇಡ.

ಗಿರಣಿಯ ಹಿಟ್ಟಿನ ಬುಟ್ಟಿ ಮರೆತದ್ದಕ್ಕೆ ಆ ರಾತ್ರಿ ಅವ್ವನಿಂದ ಎರಡು ಏಟು ಬಿದ್ದವು.

ಓದಲು ಬಾರದೆ ಇರುವುದು ಸುಲಭ. ಓದಲು ಬಂದೂ ಓದದೆ ಇರುವುದು ಭಾರಿ ಕಷ್ಟ. ಯಮನಮ್ಮ ಎಲ್ಲಿ ತಿರುಗಿದರೂ ಅಕ್ಷರಗಳು ಕಣ್ಣಿಗೆ ಬೀಳುತ್ತಿದ್ದವು. ಬಸ್ಸಿನ ಹಣೆಯ ಮೇಲೆ, ಗೊಬ್ಬರದ ಚೀಲದ ಮೇಲೆ, ಬೆಂಕಿಪೊಟ್ಟಣದ ಮೇಲೆ. ತುಟಿ ತಾನಾಗೇ ಅಲುಗುತ್ತಿತ್ತು. ಅದಕ್ಕೆ ಅವಳು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದುಕೊಳ್ಳತೊಡಗಿದಳು.

ಸರ್ ಬಿಡುವ ಪೈಕಿಯವರಲ್ಲ. ಹೊಳೆದಂಡೆಗೆ ಕರೆದುಕೊಂಡು ಹೋಗಿ ಮರಳಿನ ಮೇಲೆ ಇಷ್ಟೆತ್ತರದ ಅಕ್ಷರ ಬರೆದರು. ಅದರ ಗೆರೆಯ ಮೇಲೆ ನಡೆಯಲು ಹೇಳಿದರು. ಹುಣಸೆ ಬೀಜ ತಂದು ಅಕ್ಷರದ ಆಕಾರಕ್ಕೆ ಜೋಡಿಸಿಕೊಟ್ಟರು. ಶಾಲೆ ಬಿಟ್ಟ ಮೇಲೂ ಅವಳೊಬ್ಬಳನ್ನೇ ಕೂರಿಸಿಕೊಂಡರು.

"ಇದು?"

"ಗೊತ್ತಿಲ್ರೀ."

"ಇರ್ಲಿ. ನಾಳಿ ಬರ್ತದ," ಅನ್ನುತ್ತಿದ್ದರು. ಆದರೆ ಆ 'ನಾಳಿ' ದಿನದಿಂದ ದಿನಕ್ಕೆ ಮೆಲ್ಲಗಾಗುತ್ತಿತ್ತು.

ಒಂದು ದಿನ ಯಮನಮ್ಮ ಸಿಕ್ಕಿಬಿದ್ದಳು. ಬಿಡುವಿನ ಹೊತ್ತಿನಲ್ಲಿ ಶಾಲೆಯ ಹಿಂದಿನ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ 'ಯಂಕೋಬನ ಚಡ್ಡಿ ಹರದದ' ಎಂದು ಬರೆದಿದ್ದರು. ಯಮನಮ್ಮ ನೋಡಿದ್ದೇ ತಡ, ಕಿಸಕ್ಕನೆ ನಕ್ಕುಬಿಟ್ಟಳು.

ಹಿಂದೆಯೇ ಅನ್ನಮ್ಮ ನಿಂತಿದ್ದಳು. ಅನ್ನಮ್ಮ ನಾಲ್ಕನೇ ತರಗತಿಗೆ ಮೊದಲನೆಯವಳು. ಅವಳ ಕಣ್ಣಿಗೆ ಇರುವೆಯೂ ತಪ್ಪುತ್ತಿರಲಿಲ್ಲ.

"ಯಾಕ ನಕ್ಕಿ?"

"ಸುಮ್ನ."

"ಸುಮ್ನ ಯಾರು ನಗ್ತಾರಬೇ? ನೀ ಓದಿದಿ! ನಿನಗ ಓದಾಕ ಬರ್ತದ! ತಡಿ, ಸರ್‌ಗೆ ಹೇಳ್ತೀನಿ."

ಯಮನಮ್ಮ ಅವಳ ಜಡೆಯನ್ನೇ ಹಿಡಿದೆಳೆದಳು. ಬೇವಿನ ಮರದ ಹಿಂದಕ್ಕೆ ಕರೆದುಕೊಂಡು ಹೋಗಿ ಶಕ್ತಿನಗರ, ಅಯ್ಯಪ್ಪ, ಸರ್ ಕೊಟ್ಟ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅನ್ನಮ್ಮನ ಮುಖ ಸಣ್ಣದಾಯಿತು. ಅವಳಿಗೂ ಆ ಬೀಗ ನೆನಪಿತ್ತು. ಸ್ವಲ್ಪ ಹೊತ್ತು ಉಗುರು ಕಚ್ಚಿ ಯೋಚಿಸಿದಳು.

"ನೀ ಒಬ್ಬಾಕಿ ಸಾಕಾಗಂಗಿಲ್ಲ ಯಮನೀ," ಅಂದಳು. "ಒಬ್ರಿಗೆ ಬರಲಿಲ್ಲ ಅಂತ ಸರ್ ಇಷ್ಟು ದಿನ ನಿಂತಾರ. ಯಾರಿಗೂ ಬರಲಿಲ್ಲ ಅಂದ್ರ ಎಷ್ಟು ವರ್ಷ ನಿಲ್ಲಬೇಕು? ನೀನ ಲೆಕ್ಕ ಹಾಕು!"

ಲೆಕ್ಕ ಸರಿಯಾಗಿಯೇ ಇದೆ ಅನಿಸಿತು. ಬಿಡುವು ಮುಗಿಯುವಷ್ಟರಲ್ಲಿ ಗುಟ್ಟು ನಾಲ್ಕನೇ ತರಗತಿಯ ಎಲ್ಲರ ಕಿವಿಗೂ ಮುಟ್ಟಿತು. ಹರಿದ ಚಡ್ಡಿಯ ಯಂಕೋಬ ಹೊಳೆಯ ಮೇಲೆ ಆಣೆ ಮಾಡಿದ. ಉಳಿದವರೂ ಮಾಡಿದರು.

ಮರುದಿನದಿಂದ ನಾಲ್ಕನೇ ತರಗತಿಗೆ ಮರೆವಿನ ರೋಗ ಬಡಿಯಿತು.

"ಅನ್ನಮ್ಮ, ಏಳೆಂಟ್ಲೆ ಎಷ್ಟು?"

"ಐವತ್ನಾಕ್ರೀ."

ಸರ್‌ಗೆ ನಂಬಿಕೆಯಾಗಲಿಲ್ಲ. "ಎಷ್ಟು?"

"ಇಲ್ರೀ, ಅರವತ್ತು."

ಯಂಕೋಬನಿಗೆ ಪಾಠ ಓದಲು ಹೇಳಿದರು. ಅವನು ಪುಸ್ತಕವನ್ನು ತಲೆಕೆಳಗೆ ಹಿಡಿದು ಬೆಬ್ಬೆಬ್ಬೆ ಅಂದ. ಮೊದಮೊದಲು ಭಾರಿ ಮಜಾ ಬಂತು. ಹುಡುಗರು ಪಾಟಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು.

ಆದರೆ ಸರ್ ಬೈಯಲಿಲ್ಲ, ಹೊಡೆಯಲಿಲ್ಲ. ಹಿಂದಿನ ಪಾಠಗಳನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ದನಿ ಸೋಲುವ ತನಕ ಹೇಳಿಕೊಟ್ಟರು. ಕೇಳಿದರೆ ಮತ್ತೆ ಅದೇ ಉತ್ತರ. ಕ್ಲಾಸಿನ ನಡುವೆಯೇ ಒಮ್ಮೊಮ್ಮೆ ಮಾತು ನಿಲ್ಲಿಸಿ ಕಿಟಕಿಯ ಆಚೆ ನೋಡುತ್ತ ನಿಂತುಬಿಡುತ್ತಿದ್ದರು.

ಪ್ರತಿ ಶನಿವಾರ ಶಾಲೆ ಬಿಡುವ ಮುನ್ನ ಸರ್ ಹುಡುಗರ ಜೊತೆ ಸೇರಿ ಬೋರ್ಡಿಗೆ ಕಪ್ಪು ಹಚ್ಚುತ್ತಿದ್ದರು. ಇದ್ದಿಲು ಪುಡಿ ಮಾಡಿ, ಸೊಪ್ಪಿನ ರಸದಲ್ಲಿ ಕಲಸಿ, ಬಟ್ಟೆಯಿಂದ ತಿಕ್ಕುವುದು. ಎಲ್ಲರ ಮೂಗಿಗೂ ಮಸಿ. ಅದು ಹುಡುಗರಿಗೆ ಹಬ್ಬ.

ಆ ಶನಿವಾರ ಯಮನಮ್ಮ ಇದ್ದಿಲು ತಂದು ನಿಂತಳು.

"ಇವತ್ತು ಬ್ಯಾಡ ಬಿಡವ್ವ," ಅಂದರು ಸರ್. "ಸೋಮವಾರ ಸಾಲಿಗೆ ರಜಾ. ಮನಿಗೆ ಹೋಗ್ರಿ."

ಬೋರ್ಡು ಬೂದು ಬೂದಾಗಿ ಹಾಗೇ ಉಳಿಯಿತು.

ಅದೇ ಸಂಜೆ ಸರ್ ಯಮನಮ್ಮನ ಮನೆಗೆ ಬಂದರು. ದುರುಗಮ್ಮ ನೆಲ್ಲು ಕೊಯ್ದು ಬಂದು ಕಾಲು ತೊಳೆಯುತ್ತಿದ್ದಳು. ಗಡಬಡಿಸಿ ಚಾಪೆ ಹಾಸಿ, ನೀರಿನ ಚೊಂಬು ತಂದಿಟ್ಟಳು. ಯಮನಮ್ಮ ಬಾಗಿಲ ಹಿಂದೆ ಹೋಗಿ ನಿಂತಳು.

"ಬರ್ರಿ ಸರ್. ಕುಂದರ್ರಿ. ನಮ್ಮ ಹುಡುಗಿ ಏನರ ಮಾಡಿದ್ಲೇನ್ರೀ?"

"ಇಲ್ಲ ಯವ್ವಾ. ಆಕೀದು ಏನೂ ತಪ್ಪಿಲ್ಲ." ಸರ್ ನೀರು ಕುಡಿದು ಚೊಂಬನ್ನು ಕೆಳಗಿಟ್ಟರು. "ನಿನಗೊಂದು ಮಾತು ಕೊಟ್ಟಿದ್ದೆ. ಅದನ್ನ ನಡಸಾಕ ಆಗಲಿಲ್ಲ ಅಂತ ಹೇಳಿ ಹೋಗಾಕ ಬಂದೀನಿ."

"ಹಂಗಂದ್ರ?"

"ಶಕ್ತಿನಗರಕ್ಕ ಹೋಗಾಕತ್ತೀನಿ. ನಾಳಿ ಮುಂಜಾನಿ ಬಸ್ಸಿಗೆ. ಸೋಮವಾರ ಅಲ್ಲಿ ಸಾಹೇಬ್ರನ್ನ ನೋಡಬೇಕು. ಅವರು ಹೂಂ ಅಂದ್ರ ಈ ನೌಕರಿ ಬಿಟ್ಟುಬಿಡ್ತೀನಿ."

"ಹಂಗ್ಯಾಕ್ರೀ ಸರ್? ಇಲ್ಲಿ ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ಲ." ಸರ್ ತಮ್ಮ ಅಂಗೈಯನ್ನೇ ನೋಡುತ್ತ ಹೇಳಿದರು. "ಸೋರೋ ಸಾಲಿ, ಒಬ್ಬನ ಇರೋದು, ಅದೆಲ್ಲಾ ತಡಕೊಂಡಿದ್ದೆ ಯವ್ವಾ. ಆದ್ರ ಬರ್ತಿದ್ದ ಹುಡುಗ್ರು ಸೈತ ಮರತು ಕುಂತಾವ. ನಾ ಕಲಿಸಿದ್ದು ಒಂದೂ ಉಳಿದಿಲ್ಲ. ನನಗ ಕಲಸಾಕ ಬರಂಗಿಲ್ಲ, ಅಷ್ಟ. ಬರಲಾರದ ಕೆಲಸ ಹಿಡಕೊಂಡು ಕುಂತ್ರ ಹುಡುಗ್ರಿಗೆ ಮೋಸ ಮಾಡಿದಂಗ."

ಯಮನಮ್ಮನಿಗೆ ಕೂಗಬೇಕೆನಿಸಿತು. ಬಾಯಿ ತೆರೆದಳು. ಆದರೆ ಈಗ ಓದುತ್ತೇನೆಂದರೆ ಕೊಟ್ಟ ಮಾತು ಮುಗಿಯಿತು, ಸರ್ ಹಾಯಾಗಿ ಹೋಗಬಹುದು. ಓದುವುದಿಲ್ಲ ಎಂದರೂ ಹೋಗುತ್ತಾರೆ. ಯಾವ ಕಡೆ ಹೆಜ್ಜೆ ಇಟ್ಟರೂ ಗುಂಡಿಯೇ ಕಂಡಿತು. ಅವಳು ಯೋಚಿಸುತ್ತ ನಿಂತಿರುವಾಗಲೇ ಸರ್ ಎದ್ದು ಚಪ್ಪಲಿ ಮೆಟ್ಟಿ ಹೋದರು.

"ಪಾಪ, ಆ ಮನಿಷ್ಯಾನ ಮಾರಿ ನೋಡಿದ್ಯಾ?" ಅವ್ವ ಒಲೆ ಹಚ್ಚುತ್ತ ಅಂದಳು. "ತಪ್ಪು ಮಾಡಿದವರಂಗ ಕುಂತಿದ್ರು. ನೀನೂ ಸೋಮವಾರದಿಂದ ನನ್ನ ಜೋಡಿ ಹೊಲಕ್ಕ ಬಾ."

ಊಟದ ಹೊತ್ತಿಗೆ ಯಮನಮ್ಮ ರೊಟ್ಟಿಯನ್ನು ಚೂರು ಚೂರು ಮಾಡುತ್ತ ಕೂತಳು. ತಪ್ಪು ಮಾಡಿದವಳು ಇಲ್ಲಿ ಕೂತಿದ್ದಳು. ತಪ್ಪು ಮಾಡಿದವರ ಮುಖ ಹೊತ್ತುಕೊಂಡು ಸರ್ ಹೋಗಿದ್ದರು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಒಂದು ಮಾತು ಮಾತ್ರ ಗಟ್ಟಿಯಾಗಿತ್ತು. ಸರ್ ಹೋದರೆ ಹೋಗಲಿ. ಆದರೆ ತಮಗೆ ಕಲಿಸಲು ಬರುವುದಿಲ್ಲ ಎಂದುಕೊಂಡು ಹೋಗಬಾರದು.

ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ಯಮನಮ್ಮ ಮುಖ ಕೂಡ ತೊಳೆಯದೆ ಓಡಿದಳು.

ಕೆಂಪು ಬಸ್ಸು ಊರ ಅಗಸಿ ಬಾಗಿಲ ಮುಂದೆ ಗುರುಗುಟ್ಟುತ್ತ ನಿಂತಿತ್ತು. ಸರ್ ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದರು.

"ಸರ್ರೀ! ನನಗ ಓದಾಕ ಬರ್ತದ್ರೀ!"

ಸರ್ ಹೊರಗೆ ನೋಡಿದರು. ಯಮನಮ್ಮ ಬಸ್ಸಿನ ಹಣೆಯ ಬೋರ್ಡು ತೋರಿಸಿ ಕೂಗಿದಳು. "ಚೀಕಲಪರ್ವಿ, ಮಾನ್ವಿ, ರಾಯಚೂರು!"

ಸರ್ ಮೆಲ್ಲಗೆ ನಕ್ಕರು. ಆ ನಗು ಚೆನ್ನಾಗಿರಲಿಲ್ಲ. "ಅದು ಊರಿಗೆಲ್ಲಾ ಬಾಯಿಪಾಠ ಅದವ್ವ. ಮನಿಗೆ ಹೋಗು."

ಯಮನಮ್ಮನಿಗೆ ಅಳು ಬಂತು. ನಂಬುತ್ತಿಲ್ಲ! ಇಷ್ಟು ದಿನ ಸುಳ್ಳನ್ನು ನಂಬಿದವರು ಈಗ ನಿಜವನ್ನು ನಂಬುತ್ತಿಲ್ಲ. ಅವಳು ಬಸ್ಸಿನ ಮೆಟ್ಟಿಲು ಹತ್ತಿಬಿಟ್ಟಳು.

"ಏ ಹುಡುಗಿ, ಇಳಿಬೇ ಕೆಳಗ!" ಕಂಡಕ್ಟರ್ ಗದರಿದ.

ಡ್ರೈವರನ ತಲೆಯ ಮೇಲಿನ ತಗಡಿನಲ್ಲಿ ಬಿಳಿ ಬಣ್ಣದ ಅಕ್ಷರಗಳಿದ್ದವು. ಅವಳು ಎಂದೂ ನೋಡದ ಅಕ್ಷರಗಳು. ಬಸ್ಸು ಹತ್ತಿದ್ದರೆ ತಾನೇ ನೋಡಲು?

"ಧೂ... ಧೂಮ... ಪಾನ," ಯಮನಮ್ಮ ಗಟ್ಟಿಯಾಗಿ ಶುರು ಮಾಡಿದಳು. "ಧೂಮಪಾನ... ನಿ... ನಿ..."

ಮುಂದಿನದು ಗೊತ್ತಾಗಲಿಲ್ಲ. ಇಡೀ ಬಸ್ಸು ಅವಳನ್ನೇ ನೋಡುತ್ತಿತ್ತು. ಕಂಡಕ್ಟರ್ ಸೀಟಿ ಬಾಯಿಗಿಟ್ಟವನು ಊದದೆ ನಿಂತ.

"ಷೇ," ಅಂದರು ಸರ್. ತಮಗೇ ಗೊತ್ತಿಲ್ಲದಂತೆ ಸೀಟಿನಿಂದ ಅರ್ಧ ಎದ್ದಿದ್ದರು. "ಅದು ಷೇ. ಹೂಂ, ಮುಂದ?"

"ನಿಷೇ... ಧಿ... ಸ... ಲಾ... ಗಿದೆ. ನಿಷೇಧಿಸಲಾಗಿದೆ! ಧೂಮಪಾನ ನಿಷೇಧಿಸಲಾಗಿದೆ!"

"ಏನಂತದು?" ಹಿಂದಿನ ಸೀಟಿನ ಮುದುಕ ಕೇಳಿದ.

"ಬೀಡಿ ಸೇದಬಾರದಂತ," ಅಂದರು ಸರ್, ಕಣ್ಣನ್ನು ಯಮನಮ್ಮನ ಮೇಲಿಂದ ತೆಗೆಯದೆ.

ಮುದುಕ ಬೆಚ್ಚಿಬಿದ್ದು ಕೈಯಲ್ಲಿದ್ದ ಬೀಡಿಯನ್ನು ಕಿಟಕಿಯಾಚೆ ಎಸೆದ.

ಯಮನಮ್ಮ ಸರ್ ಮುಖ ನೋಡಿದಳು. ಕಣ್ಣು ಅರಳಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ದೊಡ್ಡವರ ಮುಖ ಹಾಗಾದದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಆದರೆ ಕಂಡಕ್ಟರ್ ಅವಳ ರಟ್ಟೆ ಹಿಡಿದು ಕೆಳಗಿಳಿಸಿದ. ಸೀಟಿ ಊದಿದ. ಬಸ್ಸು ಹೊರಟೇಬಿಟ್ಟಿತು.

"ಅನ್ನಮ್ಮಗೂ ಎಲ್ಲಾ ಬರ್ತದ್ರೀ!" ಯಮನಮ್ಮ ಧೂಳಿನಲ್ಲಿ ಓಡುತ್ತ ಕೂಗಿದಳು. "ನಾವೆಲ್ಲಾ ಸುಳ್ಳ ಹೇಳಿದ್ವಿರೀ! ನೀವು ಹೋಗಬಾರದು ಅಂತ ಸುಳ್ಳ ಹೇಳಿದ್ವಿರೀ!"

ಕೇಳಿಸಿತೋ ಇಲ್ಲವೋ. ಬಸ್ಸು ಹುಣಸೆ ಮರದ ತಿರುವಿನಲ್ಲಿ ಮರೆಯಾಯಿತು.

ಸೋಮವಾರ ಅವ್ವ ಎಬ್ಬಿಸುವ ಮುಂಚೆಯೇ ಯಮನಮ್ಮ ಮನೆಯಿಂದ ತಪ್ಪಿಸಿಕೊಂಡಳು. ಕಾಲು ತಾನಾಗೇ ಶಾಲೆಗೆ ಹೋಯಿತು. ಬಾಗಿಲಿಗೆ ಬೀಗ. ಬೀಗ ನೋಡಲು ಧೈರ್ಯ ಸಾಲದೆ ಅದಕ್ಕೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತಳು. ಇಷ್ಟು ಹೊತ್ತಿಗೆ ಸರ್ ಶಕ್ತಿನಗರದಲ್ಲಿ ಸಾಹೇಬರ ಮುಂದೆ ನಿಂತಿರುತ್ತಾರೆ. ಸಾಹೇಬರು ಹೂಂ ಅಂದಿರುತ್ತಾರೆ. ಅಷ್ಟು ಒಳ್ಳೆಯವರಿಗೆ ಯಾರು ತಾನೇ ಊಹೂಂ ಅಂದಾರು?

ಚಪ್ಪಲಿ ಸದ್ದು ಮಾಡುತ್ತ ಒಬ್ಬಳು ಬಂದಳು. ಶಹಜಾದಿ ಬೇಗಂ. ಪಾಟಿಚೀಲ ಹೆಗಲಿಗೇರಿಸಿ, ಸೋರುವ ಮೂಗನ್ನು ಮೇಲೆಳೆಯುತ್ತ ಬಂದಳು.

"ಇವತ್ತು ರಜಾ ಅದ," ಅಂದಳು ಯಮನಮ್ಮ.

"ಮತ್ತ ನೀ ಯಾಕ್ ಬಂದಿ?"

ಯಮನಮ್ಮ ಮೆಟ್ಟಿಲ ಮೇಲೆ ಸರಿದು ಜಾಗ ಬಿಟ್ಟಳು. ಶಹಜಾದಿ ಪಕ್ಕದಲ್ಲಿ ಕೂತು ಚೀಲದಿಂದ ಹುಣಸೆ ಬೀಜ ಸುರಿದಳು. ಆಡೋಣ ಅಂದಳು. ಯಮನಮ್ಮನಿಗೆ ಆಟ ಬೇಕಿರಲಿಲ್ಲ. ಸುಮ್ಮನೆ ಕೂರಲೂ ಆಗುತ್ತಿರಲಿಲ್ಲ. ಸರ್ ಮಾಡುತ್ತಿದ್ದಂತೆ ಬೀಜಗಳನ್ನು ಒಂದೊಂದಾಗಿ ಜೋಡಿಸಿದಳು.

"ಇದು ಏನು?"

"ನ," ಅಂದಳು ಶಹಜಾದಿ.

"ಅಲ್ಲಬೇ. ದ. ಇಲ್ಲಿ ಬೆರಳ ಇಡು. ಬೀಜದ ಮ್ಯಾಲೆ ಹಂಗ ಓಡಿಸು. ದ."

"ದ."

ಪಕ್ಕದಲ್ಲಿ ನ ಜೋಡಿಸಿದಳು. ಶಹಜಾದಿ ಅದನ್ನು ದ ಅಂದಳು. ಯಮನಮ್ಮ ಮತ್ತೆ ಹೇಳಿದಳು. ಶಹಜಾದಿ ಮತ್ತೆ ತಪ್ಪಿದಳು. ಮತ್ತೆ, ಮತ್ತೆ. ಯಮನಮ್ಮನಿಗೆ ತಲೆಗೊಂದು ಮೊಟಕುವಷ್ಟು ಸಿಟ್ಟು ಬಂತು. ಸರ್ ತನ್ನ ಮುಂದೆ ಹೀಗೇ ಎಷ್ಟು ಸಂಜೆ ಕೂತಿದ್ದರು ಎಂಬುದು ಆಗ ನೆನಪಾಗಿ ಎತ್ತಿದ ಕೈ ಇಳಿಯಿತು.

"ಇರ್ಲಿ. ಬರ್ತದ," ಅಂದಳು. "ಮತ್ತ ನೋಡು. ಎರಡೂ ಸೇರಿಸಿ ಅನ್ನು."

ಶಹಜಾದಿ ನಾಲಿಗೆ ಹೊರಗೆ ಚಾಚಿ ಬೆರಳನ್ನು ಬೀಜಗಳ ಮೇಲೆ ನಡೆಸಿದಳು. "ದ... ನ." ನಿಂತಳು. "ದ... ನ. ದ, ನ." ಹುಬ್ಬು ಗಂಟಾಯಿತು. ಯಮನಮ್ಮ ಉಸಿರು ಬಿಗಿಹಿಡಿದಳು. ತುಟಿ ಕಚ್ಚಿಕೊಂಡಳು, ಈ ಸಲ ಬೇರೆ ಕಾರಣಕ್ಕೆ.

"ದನ," ಅಂದಳು ಶಹಜಾದಿ ಮೆಲ್ಲಗೆ.

ತಲೆ ಎತ್ತಿದಳು. ಶಾಲೆಯ ಮುಂದೆ ಗಂಟೆ ಅಲುಗಿಸುತ್ತ ದನಗಳು ಮೇಯಲು ಹೋಗುತ್ತಿದ್ದವು. ಬೀಜ ನೋಡಿದಳು, ದನ ನೋಡಿದಳು.

"ದನ! ಯಮನಕ್ಕ, ದನ! ಅಲ್ಲಿ ದನ, ಇಲ್ಲೂ ದನ!"

ಯಮನಮ್ಮನ ಮೈ ಜುಮ್ಮೆಂದಿತು. ತಾನು ಗಿರಣಿಯ ಗೋಡೆ ಓದಿದ ದಿನ ಆದದ್ದಕ್ಕಿಂತ ಇದು ದೊಡ್ಡದಾಗಿತ್ತು. ಈಗಲೇ, ಈ ಕ್ಷಣವೇ ಯಾರಿಗಾದರೂ ಹೇಳಬೇಕು. ಯಾರಿಗೆ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ.

"ಯಾರು ಓದಿದ್ದು?"

ಯಮನಮ್ಮ ಗಕ್ಕನೆ ತಿರುಗಿದಳು. ದನಗಳು ಎಬ್ಬಿಸಿದ ಧೂಳಿನ ನಡುವೆ ಸರ್ ನಿಂತಿದ್ದರು. ಕೈಯಲ್ಲಿ ಅದೇ ಚೀಲ.

"ಶಹಜಾದಿರೀ! ದನ ಅಂತ ಓದಿದ್ಲ್ರೀ! ತಾನ ಓದಿದ್ಲ್ರೀ!"

"ಛೇ," ಸರ್ ಹಣೆ ಬಡಿದುಕೊಂಡರು. ನಿಜವಾಗಿಯೂ ನೊಂದವರಂತೆ ಅಂದರು, "ಇನ್ನೊಂದು ಸ್ವಲ್ಪ ಮೊದಲ ಬಸ್ ಬಂದಿದ್ರ ನಾನೂ ನೋಡ್ತಿದ್ದೆ."

ಯಮನಮ್ಮನಿಗೆ ಆಗ ನೆನಪಾಯಿತು, ಇವತ್ತು ಸೋಮವಾರ. ಸಾಹೇಬರನ್ನು ನೋಡಬೇಕಾದ ದಿನ.

"ಸರ್ರೀ, ಶಕ್ತಿನಗರ?"

"ಮಾನ್ವಿಯಾಗ ಇಳದುಬಿಟ್ಟೆ. ಕೂಸಿನ ಮಾರಿ ನೋಡಿ ಬಂದೆ." ಸರ್ ಕಿಸೆಯಿಂದ ಬೀಗದ ಕೈ ತೆಗೆದರು. "ಅಯ್ಯಪ್ಪಗ ಇನ್ನ ಗೊತ್ತಿಲ್ಲ. ಗೊತ್ತಾದ್ರ ಹಬ್ಬಕ್ಕೂ ಮಾತಾಡ್ಸಂಗಿಲ್ಲ ನನ್ನ. ಅದನ್ನ ಆಮ್ಯಾಲೆ ನೋಡೋಣ. ಮೊದಲ ಆ ಅನ್ನಮ್ಮನ್ನ ಕರಕೊಂಡು ಬಾ. ಏಳೆಂಟ್ಲೆ ಐವತ್ನಾಕು ಅಂತಾಳ, ಕಿವಿ ಹಿಂಡ್ತೀನಿ."

ಎಲ್ಲವೂ ಕೇಳಿಸಿತ್ತು ಹಾಗಾದರೆ! ಯಮನಮ್ಮನ ಕೆನ್ನೆ ಬಿಸಿಯಾಯಿತು.

ಅವಳ ಬಳಿ ಒಂದು ಪ್ರಶ್ನೆ ಇತ್ತು. ರಾತ್ರಿಯೆಲ್ಲ ಅದನ್ನೇ ಹೊಸೆದು ಇಟ್ಟುಕೊಂಡಿದ್ದಳು. ನಾವೆಲ್ಲ ಓದಿಬಿಟ್ಟರೆ ನೀವು ಹೋಗುತ್ತೀರೇನ್ರೀ ಎಂದು ಕೇಳಬೇಕಿತ್ತು. ಸರ್ ಕೈಯಲ್ಲಿ ಬೀಗದ ಕೈ ಹಾಗೇ ಹಿಡಿದುಕೊಂಡು, ಬಾಗಿಲು ತೆಗೆಯುವುದನ್ನೂ ಮರೆತು, ಬಗ್ಗಿ ಬೀಜಗಳನ್ನು ನೋಡುತ್ತಿದ್ದರು. ಬಸ್ಸಿನಲ್ಲಿ ಕಂಡ ಅದೇ ಮುಖ. ಯಮನಮ್ಮ ಕೇಳಲಿಲ್ಲ.

"ಇನ್ನೊಮ್ಮಿ ಓದ್ತೀನಿ, ನೋಡ್ರೀ ಸರ್," ಅಂದಳು ಶಹಜಾದಿ, ಮೂಗು ಮೇಲೆಳೆದು.

"ತಡಿ, ತಡಿ. ಬ್ಯಾರೇದು ಮಾಡ್ತೀನಿ," ಯಮನಮ್ಮ ಬೀಜಗಳನ್ನೆಲ್ಲ ಕಲಸಿ, ಮತ್ತೆ ಮೊದಲಿನಿಂದ ಒಂದೊಂದಾಗಿ ಜೋಡಿಸತೊಡಗಿದಳು.

ಸರ್ ಚೀಲ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಅವರಿಬ್ಬರ ಜೊತೆ ಕೂತರು.